ಸಿಲಿಂಡರಿನಲ್ಲಿ ನೀರಿನ ಸದ್ದು ಯಾಕೆ?

ಪ್ರಶ್ನೆ: ಗ್ಯಾಸ್ ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ನೀರು ತುಂಬಿದ ಹಾಗೆ ಸದ್ದು ಬರುತ್ತದೆ. ಒಲೆಗೆ ಬರೋದು ಮಾತ್ರ ಗ್ಯಾಸ್. ಇದು ಹೇಗೆ ಸಾರ್? ಇನ್ನೊಂದು ವಿಷಯ. ಗ್ಯಾಸ್ ಮುಗಿಯುತ್ತಾ ಬಂದಾಗ ನಮ್ಮತ್ತೆ ಸಿಲಿಂಡರನ್ನು ಅಡ್ಡ ಮಲಗಿಸಿ ಅಡುಗೆ ಮುಗಿಸುತ್ತಾರೆ. ಹಾಗೆ ಮಾಡಬಹುದಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಎರಡನೆಯದಕ್ಕೇ ಮೊದಲು ಹೇಳಿಬಿಡುತ್ತೇನೆ ತಾಯಿ. ಖಂಡಿತ ಬೇಡ. ಅತ್ತೆಯವರಿಗೆ ಇವತ್ತೇ ತಿಳಿಸಿ. ಯಾಕೆ ಅನ್ನೋದು ನಿಮ್ಮ ಮೊದಲ ಪ್ರಶ್ನೆಯಲ್ಲೇ ಇದೆ.

ನೀವು ಕೇಳಿದ್ದು ದ್ರವದ ಸದ್ದೇ. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಮಿಶ್ರಣ. ಹೊರಗೆ ಬಿಟ್ಟರೆ ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನ್ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲಿ. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ಎರಡೂ ಗ್ಯಾಸಾಗಿಯೇ ಇರಬೇಕಿತ್ತು. ಒತ್ತಡದಲ್ಲಿ ಅದುಮಿ ತುಂಬಿದ್ದರಿಂದ ದ್ರವವಾಗಿ ಕೂತಿವೆ. ಈ ದ್ರವ ಗ್ಯಾಸಾದರೆ ಸುಮಾರು 250 ಪಟ್ಟು ಜಾಗ ಬೇಕು. ಅದುಮದೇ ಇದ್ದರೆ 14.2 ಕೆಜಿ ಗ್ಯಾಸನ್ನು ಮನೆಯಲ್ಲಿ ಎಲ್ಲಿ ಇಡೋದು, ಅಲ್ವಾ?

ಸಿಲಿಂಡರನ್ನು ಕಂಠಪೂರ್ತಿ ತುಂಬುವುದಿಲ್ಲ. ಬಿಸಿಗೆ ದ್ರವ ಹಿಗ್ಗುತ್ತದೆ, ಒತ್ತಿದರೆ ಗ್ಯಾಸಿನ ಹಾಗೆ ಕುಗ್ಗುವುದಿಲ್ಲ. ಅದಕ್ಕೇ ಮೇಲೆ ಒಂದಿಷ್ಟು ಜಾಗ ಬಿಡುತ್ತಾರೆ. ಅಲ್ಲಿ ಗ್ಯಾಸ್ ಇರುತ್ತದೆ. ಒಲೆ ಹಚ್ಚಿದಾಗ ಹೊರಬರುವುದು ಅದು. ಅದು ಹೋದಂತೆ ಕೆಳಗಿನ ದ್ರವ ಕುದಿದು ಗ್ಯಾಸಾಗಿ ಆ ಜಾಗಕ್ಕೆ ಬರುತ್ತದೆ. ಕುದಿಯಲು ಬೇಕಾದ ಶಾಖವನ್ನು ಸಿಲಿಂಡರಿನ ಮೈಯಿಂದಲೇ ಎಳೆದುಕೊಳ್ಳುತ್ತದೆ. ಮದುವೆ ಮನೆಯ ದೊಡ್ಡ ಒಲೆಗೆ ಕಟ್ಟಿದ ಸಿಲಿಂಡರ್ ಮುಟ್ಟಿ ನೋಡಿ, ತಣ್ಣಗೆ ಬೆವರಿರುತ್ತದೆ. ಕೆಲವೊಮ್ಮೆ ಹೊರಗೆ ಬಿಳಿ ಹಿಮವೂ ಕಟ್ಟಿರುತ್ತದೆ.

ಅಡ್ಡ ಮಲಗಿಸಿದರೆ ಸಿಲಿಂಡರಿನ ಬಾಯಿಗೆ ಗ್ಯಾಸಿನ ಬದಲು ದ್ರವವೇ ಬರಬಹುದು. ರೆಗ್ಯುಲೇಟರ್ ಇರುವುದು ಗ್ಯಾಸಿಗೆ, ದ್ರವಕ್ಕಲ್ಲ. ಪೈಪಿಗೆ ನುಗ್ಗಿದ ದ್ರವ ಅಲ್ಲಿ ಗ್ಯಾಸಾಗಿ ಹಿಗ್ಗಿದರೆ ಬರ್ನರಿನಿಂದ ಉರಿ ಧಗ್ಗನೆ ಮೇಲೇಳುತ್ತದೆ. ಸೋರಿದರಂತೂ ಇನ್ನೂ ಅಪಾಯ. ಈ ಗ್ಯಾಸ್ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೇ ಹರಡಿಕೊಳ್ಳುತ್ತದೆ.

ಕೊನೆಕೊನೆಗೆ ಉರಿ ಸಣ್ಣಗಾಗುವುದಕ್ಕೂ ಕಾರಣ ಇದೆ. ಪ್ರೊಪೇನ್ ಬೇಗ ಕುದಿಯುತ್ತದೆ, ಮೊದಲು ಅದೇ ಜಾಸ್ತಿ ಖರ್ಚಾಗುತ್ತದೆ. ತಳದಲ್ಲಿ ಉಳಿಯುವುದರಲ್ಲಿ ಬ್ಯುಟೇನೇ ಹೆಚ್ಚು. ನಿಮ್ಮೂರಿನ ಡಿಸೆಂಬರ್ ಚಳಿಯಲ್ಲಿ ಅದು ನಿಧಾನವಾಗಿ ಕುದಿಯುತ್ತದೆ. ಆಗ ಸಿಲಿಂಡರಿಗೆ ಬಿಸಿನೀರು ಸುರಿಯುವವರೂ ಇದ್ದಾರೆ. ದಯವಿಟ್ಟು ಅದೂ ಬೇಡ.

ಎಷ್ಟು ಉಳಿದಿದೆ ಅಂತ ತಿಳಿಯಲು ನಾನು ಮಾಡೋದು ಇಷ್ಟೇ. ಅಡುಗೆ ಆದ ಮೇಲೆ ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಮೇಲಿಂದ ಕೆಳಗೆ ಒಮ್ಮೆ ಒರೆಸುತ್ತೇನೆ. ಬರೀ ಗ್ಯಾಸ್ ಇರುವ ಮೇಲ್ಭಾಗ ಬೇಗ ಆರುತ್ತದೆ. ದ್ರವ ಇರುವ ಭಾಗ ತಣ್ಣಗಿರುವುದರಿಂದ ತೇವ ಹಾಗೇ ಉಳಿಯುತ್ತದೆ. ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆ ತಳಕ್ಕೆ ಹತ್ತಿರ ಬಂದಿದ್ದರೆ ಅವತ್ತೇ ಇನ್ನೊಂದು ಸಿಲಿಂಡರ್ ಬುಕ್ ಮಾಡಿಬಿಡಿ.