ಕಾಡನ್ನು ಅದರ ಪಾಡಿಗೆ ಬಿಡಿ ಅಂದರೆ ನೀರನ್ನೂ ಬಿಡಬೇಕಲ್ವಾ?

ಪ್ರಿಯ ಮೇಷ್ಟ್ರೇ, ನಮಸ್ಕಾರ.

ನೀವು ಸಿಟ್ಟಿನಲ್ಲಿ ಬರೆದಿದ್ದೀರಿ ಅಂತ ಮೊದಲ ಸಾಲಿನಲ್ಲೇ ಗೊತ್ತಾಯಿತು. ಆ ಸಿಟ್ಟಿಗೆ ಕಾರಣವೂ ಇದೆ. ಅದಕ್ಕೇ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಉಳಿದ ಓದುಗರಿಗೂ ವಿಷಯ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಅಮೆರಿಕದ ಲೂಸಿಯಾನ ರಾಜ್ಯದ ಕಪ್ಪು ಕರಡಿಗಳ ಬಗ್ಗೆ ಒಂದು ಲೇಖನ ಹಾಕಿದ್ದೆವು. ಸಿದ್ದಾಪುರ ಸೀಮೆಯ ಈ ನಿವೃತ್ತ ಮೇಷ್ಟ್ರು ಅದನ್ನು ಓದಿದ್ದಾರೆ. ಅವರ ಮಗಳು ಇರುವುದು ಆ ರಾಜ್ಯದಲ್ಲೇ. ಮಗಳ ಮನೆಗೆ ಹೋದಾಗ ಟೆನ್ಸಾ ನದಿ ರಾಷ್ಟ್ರೀಯ ವನ್ಯಜೀವಿ ಧಾಮವನ್ನೂ ನೋಡಿ ಬಂದಿದ್ದಾರೆ. ಅಲ್ಲಿ ಮರಗಳಿಗೆ ಬಣ್ಣದ ಗುರುತು ಹಾಕಿದ್ದು ಕಂಡಿದೆ, ಕಡಿದ ದಿಮ್ಮಿ ಹೇರಿಕೊಂಡು ಲಾರಿ ಹೋಗಿದ್ದೂ ಕಂಡಿದೆ. ಅವರ ಪ್ರಶ್ನೆ ಅವರ ಮಾತಲ್ಲೇ: "ಧಾಮ ಅಂತ ಬೋರ್ಡು ಹಾಕಿ ಅದರ ಹಿಂದೆಯೇ ಮರ ಕಡಿಯುವುದು ಯಾವ ನ್ಯಾಯ? ಇದಕ್ಕೆ 15 ವರ್ಷದ ಯೋಜನೆ ಬೇರೆ ಕೇಡು. ಕಾಡನ್ನು ಅದರ ಪಾಡಿಗೆ ಬಿಟ್ಟರೆ ಸಾಲದೇ?"

ಸಾಲದು ಮೇಷ್ಟ್ರೇ. ಎಲ್ಲ ಕಾಡಿನ ಮಾತು ಆಡುತ್ತಿಲ್ಲ, ಈ ಕಾಡಿಗಂತೂ ಸಾಲದು. ಅದನ್ನು ಅದರ ಪಾಡಿಗೆ ಬಿಡಬೇಕು ಅಂದರೆ ಮೊದಲು ನದಿಯನ್ನು ಅದರ ಪಾಡಿಗೆ ಬಿಡಬೇಕಿತ್ತು. ಆ ಕೆಲಸ ಯಾರೂ ಮಾಡಲಿಲ್ಲ.

ಇದು ಗುಡ್ಡದ ಕಾಡಲ್ಲ, ನದಿ ಬಯಲಿನ ತಗ್ಗು ಕಾಡು. ಮಿಸಿಸಿಪ್ಪಿ ನದಿ ಚಳಿಗಾಲದಲ್ಲಿ, ವಸಂತದಲ್ಲಿ ಉಕ್ಕಿ ಬಯಲಿಗೆ ಹರಡಿ, ವಾರಗಟ್ಟಲೆ ನಿಂತು, ಹೂಳು ಬಿಟ್ಟು, ಮತ್ತೆ ಇಳಿದು ಹೋಗುತ್ತಿತ್ತು. ಆ ಏರಿಳಿತದಿಂದಲೇ ಕಾಡು ಬೆಳೆಯಿತು. ಕೆಳ ಮಿಸಿಸಿಪ್ಪಿಯ ಕಣಿವೆಯಲ್ಲಿ ಇಂಥ ಕಾಡು ಒಂದು ಕಾಲಕ್ಕೆ 2 ಕೋಟಿ 40 ಲಕ್ಷ ಎಕರೆ ಹತ್ತಿರ ಇತ್ತು. ಈಗ ಉಳಿದಿರುವುದು ಅದರಲ್ಲಿ ಹೆಚ್ಚೆಂದರೆ ಕಾಲು ಪಾಲು, ಅದೂ ಚೂರುಚೂರಾಗಿ. 1927ರ ಮಹಾಪ್ರವಾಹ ಆದಮೇಲೆ ಸರ್ಕಾರ ನದಿಯುದ್ದಕ್ಕೂ ಮಣ್ಣಿನ ಏರಿಗಳನ್ನು ಎತ್ತರಿಸಿ ಬಲಪಡಿಸಿತು. ಊರುಗಳು ಉಳಿದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಏರಿಯ ಆಚೆಗಿದ್ದ ಟೆನ್ಸಾದಂಥ ಬಯಲಿಗೆ ವರ್ಷ ವರ್ಷ ಬರುತ್ತಿದ್ದ ದೊಡ್ಡ ನದಿಯ ನೀರು ನಿಂತುಹೋಯಿತು. ನೆಲ ಒಣಗಿತು ಅಂತ ಗೊತ್ತಾದ ಕೂಡಲೇ ಉಳುಮೆ ಬಂತು. 1960ರ, 70ರ ದಶಕದಲ್ಲಿ ಸೋಯಾಗೆ ಬೆಲೆ ಬಂದಾಗ ಸಾವಿರಾರು ಎಕರೆ ಕಾಡನ್ನು ಬುಲ್ಡೋಜರ್‌ನಲ್ಲಿ ತಳ್ಳಿ ರಾಶಿ ಹಾಕಿ ಸುಟ್ಟರು. ಆ ಪೈಕಿ ಉಳಿದ ತುಂಡನ್ನು ಕಾಪಾಡಲು 1980ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಈ ಧಾಮ ಮಾಡಿತು. ಹೆಚ್ಚೂಕಮ್ಮಿ 80,000 ಎಕರೆ, ಸುತ್ತ ಹೊಲ.

ನೀವು ಕತ್ತಲೆಕಾನು ಕಾಡಿನ ಹತ್ತಿರದವರು, ನಿಮಗೆ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ಗೊತ್ತು. ಕೆಸರಿನಿಂದ ಮೇಲೆದ್ದು ಬಾಗಿ ಮತ್ತೆ ಕೆಸರಿಗೆ ಇಳಿಯುವ ಆ ಮಂಡಿ ಬೇರುಗಳನ್ನು ನೋಡಿಯೇ ಇರುತ್ತೀರಿ. ಟೆನ್ಸಾದಲ್ಲಿ ನೀವು ನೋಡಿದ ಬೋಳು ಸೈಪ್ರೆಸ್ ಮರದ ಸುತ್ತ ಏಳುವ ಮೊಳಕಾಲಿನಂಥ ಬೇರು ಬೇರೆ ಜಾತಿಯದು, ಬೇರೆ ಖಂಡದ್ದು. ಆದರೂ ನೀರು ನಿಂತ ನೆಲದಲ್ಲಿ ಬದುಕಲು ಎರಡೂ ಹೆಚ್ಚೂಕಮ್ಮಿ ಒಂದೇ ದಾರಿ ಹಿಡಿದಿವೆ. ನಮ್ಮಲ್ಲೂ ಜಡ್ಡಿ ಹೋದದ್ದು ಹೇಗೆ? ನೀರು ನಿಲ್ಲುವ ಕಣಿವೆ ತೋಟಕ್ಕೆ, ಗದ್ದೆಗೆ ಹೇಳಿಮಾಡಿಸಿದ ಜಾಗ. ಕಾಲುವೆ ತೆಗೆದು ನೀರು ಬಸಿದರು, ಅಡಿಕೆ ಬಂತು. ಇವತ್ತು ಯಾರೋ ಆ ತೋಟವನ್ನು ವಾಪಸ್ ಕೊಟ್ಟು "ಇನ್ನು ನಿನ್ನ ಪಾಡಿಗೆ ನೀನಿರು" ಅಂದರೂ ಕಾಲುವೆ ಮುಚ್ಚದೆ ಜಡ್ಡಿ ವಾಪಸ್ ಬರಲ್ಲ.

ಹಾಗಾಗಿ ತಗ್ಗು ಕಾಡಿನ ಯೋಜನೆ ಅಂದರೆ ಮೊದಲು ನೀರಿನ ಯೋಜನೆ. ಎಲ್ಲಿ ಎಷ್ಟು ಅಡಿ ನೀರು, ಯಾವ ತಿಂಗಳಲ್ಲಿ ಬಂತು, ಯಾವಾಗ ಇಳಿಯಿತು, ಹಳೆಯ ತೊರೆಗಳಲ್ಲಿ ಯಾವುದು ಕಟ್ಟಿಕೊಂಡಿದೆ, ಯಾವ ರಸ್ತೆ ನೀರಿಗೆ ಅಡ್ಡ ನಿಂತಿದೆ. ಆ ಬಯಲು ಕಣ್ಣಿಗೆ ಸಪಾಟಾಗಿ ಕಾಣುತ್ತೆ, ಆದರೆ ಮರಗಳಿಗೆ ಸಪಾಟಲ್ಲ. ತೀರಾ ತಗ್ಗಿನಲ್ಲಿ ಸೈಪ್ರೆಸ್ ಮತ್ತು ಟುಪೆಲೊ. ಸ್ವಲ್ಪ ಮೇಲೆ ಓವರ್‌ಕಪ್ ಓಕ್. ಇನ್ನೂ ಸ್ವಲ್ಪ ಏರಿದರೆ ನಟಾಲ್ ಓಕ್, ವಿಲೋ ಓಕ್. ಹಳೆಯ ನದಿ ದಂಡೆಯ ದಿಬ್ಬದಲ್ಲಿ ಚೆರಿಬಾರ್ಕ್ ಓಕ್, ಸ್ವೀಟ್‌ಗಮ್. ಈ "ಸ್ವಲ್ಪ" ಅನ್ನುವುದು ಎಷ್ಟೋ ಕಡೆ ಒಂದೆರಡು ಅಡಿಯೂ ಇರಲ್ಲ. ನೀರಿನ ಲೆಕ್ಕ ತಪ್ಪಿದರೆ ಮರದ ಲೆಕ್ಕವೂ ತಪ್ಪುತ್ತದೆ.

ಇನ್ನು ನೀವು ಕಂಡ ಬಣ್ಣದ ಗುರುತು.

ಓಕ್ ಸಸಿಗೆ ಬೆಳಕು ಬೇಕು. ದೊಡ್ಡ ಓಕ್ ಮರದ ಬುಡದಲ್ಲಿ ಕಾಯಿ ಬಿದ್ದು ಸಾವಿರಾರು ಸಸಿ ಹುಟ್ಟುತ್ತವೆ. ಮೇಲೆ ಕೊಂಬೆ ಎಲೆಗಳ ಹಂದರ ಮುಚ್ಚಿದ್ದರೆ ಎರಡು ಮೂರು ವರ್ಷ ಬಡಕಲಾಗಿ ನಿಂತು ಸಾಯುತ್ತವೆ. ನೆರಳನ್ನು ತಡೆದುಕೊಳ್ಳುವ ಶುಗರ್‌ಬೆರಿ, ಬಾಕ್ಸೆಲ್ಡರ್ ಆ ಜಾಗ ಹಿಡಿಯುತ್ತವೆ. ಹಿಂದೆ ಬಿರುಗಾಳಿ, ನೆರೆ, ನದಿಯ ದಿಕ್ಕು ಬದಲಾವಣೆ ಹಂದರದಲ್ಲಿ ಕಿಂಡಿ ಮಾಡುತ್ತಿದ್ದವು, ಲಕ್ಷಾಂತರ ಎಕರೆಯಲ್ಲಿ ಎಲ್ಲಾದರೂ ಒಂದು ಕಡೆ ಬೆಳಕು ಬೀಳುತ್ತಲೇ ಇತ್ತು. ಈಗ ಉಳಿದಿರುವುದು ತುಂಡು ಕಾಡು, ಅದರಲ್ಲೂ ಬಹುಪಾಲು ಹಿಂದೆ ಒಂದೇ ಸಲ ಕಡಿದು ಒಟ್ಟಿಗೆ ಎದ್ದ ಒಂದೇ ವಯಸ್ಸಿನ ಮರಗಳು. ಹೊಲ ಬಿಡಿಸಿ ನೆಟ್ಟ ಕಡೆಯಂತೂ 12 ಅಡಿಗೊಂದರಂತೆ, ಎಕರೆಗೆ ಸುಮಾರು 300 ಸಸಿ. ಅವು ಬೆಳೆದಂತೆ ಒಂದಕ್ಕೊಂದು ತಾಗಿ ನೆಲಕ್ಕೆ ಬಿಸಿಲೇ ಬೀಳದ ಹಾಗೆ ಆಗುತ್ತದೆ. ಕೆಳಗೆ ಬಿದಿರು ಜಾತಿಯ ಕೇನ್ ಹುಲ್ಲಿಲ್ಲ, ಪೊದೆಯಿಲ್ಲ, ಕರಡಿಗೆ ಹಣ್ಣಿನ ಬಳ್ಳಿಯಿಲ್ಲ. ಸ್ವೈನ್‌ಸನ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿಗೆ ಗೂಡು ಕಟ್ಟಲು ಆ ಪೊದೆಯೇ ಬೇಕು.

ಅದಕ್ಕೆ ಆ ಕಣಿವೆಯ ಅರಣ್ಯ ಮತ್ತು ವನ್ಯಜೀವಿ ತಜ್ಞರು 2007ರಲ್ಲಿ ಸೇರಿ ಒಂದು ಅಂದಾಜು ಕೊಟ್ಟರು: ಮೇಲಿನ ಹಂದರ ಆಕಾಶವನ್ನು ನೂರಕ್ಕೆ 60ರಿಂದ 70ರಷ್ಟು ಮುಚ್ಚಿದ್ದರೆ ಸಾಕು, ಉಳಿದದ್ದು ಬೆಳಕಿಗೆ ಬಿಡಿ. ಗುರುತು ಹಾಕುವವರು ಮಾಡುವ ಕೆಲಸ ಇದು. ಒಂದು ಮರದ ಕೆಳಗೆ ನಿಲ್ಲುತ್ತಾರೆ, ತಲೆಯೆತ್ತಿ ಅದರ ನೆತ್ತಿ ನೋಡುತ್ತಾರೆ, ಪಕ್ಕದ್ದನ್ನು ನೋಡುತ್ತಾರೆ. ಇದು ಹೋದರೆ ಬೆಳಕು ಯಾರಿಗೆ ಸಿಗುತ್ತೆ? ಇದರಲ್ಲಿ ಪೊಟರೆ ಇದೆಯಾ? ಆಮೇಲೆ ಬಣ್ಣ. ಎದೆಯ ಮಟ್ಟಕ್ಕೊಂದು ಗುರುತು, ಬುಡದಲ್ಲಿ ನೆಲಕ್ಕೆ ಹತ್ತಿರ ಇನ್ನೊಂದು. ಬುಡದ ಗುರುತು ಯಾಕೆ ಗೊತ್ತಾ? ಮರ ಹೋದಮೇಲೂ ಅದು ಕೊರಡಿನ ಮೇಲೆ ಉಳಿಯುತ್ತದೆ. ಗುರುತಿಲ್ಲದ ಕೊರಡು ಸಿಕ್ಕರೆ ಗುತ್ತಿಗೆದಾರ ಸಿಕ್ಕಿಬಿದ್ದ. ಇದನ್ನು ನಮ್ಮ ಕಡೆಯ ನಾಟಾ ವ್ಯಾಪಾರ ಕಂಡ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ನಿಮ್ಮ ಅನುಮಾನ ಬಿಡಬೇಡಿ ಅಂತಲೂ ಹೇಳುತ್ತೇನೆ. ಯಾಕೆಂದರೆ ಈ ನೆಲದ ಚರಿತ್ರೆಯೇ ಹಾಗಿದೆ. ಈ ಧಾಮದ ದೊಡ್ಡ ಭಾಗ ಒಂದು ಕಾಲಕ್ಕೆ ಸಿಂಗರ್ ಕಂಪನಿಯದು. ಹೌದು, ನಮ್ಮ ಎಷ್ಟೋ ಮನೆಗಳಲ್ಲಿದ್ದ ಅದೇ ಹೊಲಿಗೆ ಯಂತ್ರದ ಸಿಂಗರ್. ಯಂತ್ರದ ಮರದ ಕೆಲಸಕ್ಕೆ ಅಂತ ಕೊಂಡಿಟ್ಟ ಆ ಕಾಡಿನಲ್ಲಿ ದಂತಕೊಕ್ಕಿನ ಮರಕುಟಿಗಗಳ ಕೊನೆಯ ಗುಂಪುಗಳಲ್ಲಿ ಒಂದು ಇತ್ತು. ಜೇಮ್ಸ್ ಟ್ಯಾನರ್ ಎಂಬ ಯುವ ಸಂಶೋಧಕ 1937ರಿಂದ 1939ರವರೆಗೆ ಅವುಗಳ ಹಿಂದೆ ಅಲೆದು, ಈ ಹಕ್ಕಿ ಹೊಸದಾಗಿ ಸತ್ತ ದೊಡ್ಡ ಮರಗಳ ತೊಗಟೆ ಕಿತ್ತು ಹುಳ ತಿಂದು ಬದುಕುತ್ತೆ, ಆದ್ದರಿಂದ ಹಳೆಯ ಕಾಡು ದೊಡ್ಡ ವಿಸ್ತಾರದಲ್ಲಿ ಉಳಿಯದೆ ಇದು ಉಳಿಯಲ್ಲ ಎಂದು ದಾಖಲಿಸಿದರು. ಕಡಿಯುವ ಹಕ್ಕು ಶಿಕಾಗೊ ಮಿಲ್ ಆಂಡ್ ಲಂಬರ್ ಕಂಪನಿ ಕೈಯಲ್ಲಿತ್ತು. ಕಾಡನ್ನು ಕೊಂಡು ಉಳಿಸಲು ಮಾಡಿದ ಪ್ರಯತ್ನಗಳಿಗೆ ಅದು ಒಪ್ಪಲಿಲ್ಲ. ಯುದ್ಧದ ಕಾಲ, ಜರ್ಮನ್ ಯುದ್ಧಕೈದಿಗಳೂ ಆ ಕೆಲಸಕ್ಕೆ ಬಂದರು. 1944ರಲ್ಲಿ ಡಾನ್ ಎಕೆಲ್‌ಬೆರಿ ಎಂಬ ಚಿತ್ರಕಾರ ಅಲ್ಲಿ ಒಂಟಿ ಹೆಣ್ಣು ಹಕ್ಕಿಯೊಂದನ್ನು ನೋಡಿ ಚಿತ್ರ ಬರೆದುಕೊಂಡರು. ಅಮೆರಿಕದಲ್ಲಿ ಎಲ್ಲರೂ ಒಪ್ಪುವ ಕೊನೆಯ ದರ್ಶನ ಅದೇ.

ಹಾಗಾಗಿ ಕಡಿಯುವುದನ್ನು ಒಪ್ಪುವಾಗ ನಾನು ಒಂದು ಷರತ್ತು ಹಾಕುತ್ತೇನೆ. ಸತ್ತ ಮರ, ಪೊಟರೆ ಮರ, ದೊಡ್ಡ ಮುದಿ ಮರ, ಇವನ್ನು ಮುಟ್ಟುವಂತಿಲ್ಲ. ಇದು ಕರಡಿಗೂ ಬೇಕು. ಹೆಣ್ಣು ಕರಡಿ ನೆರೆಯಿಂದ ಪಾರಾಗಲು ದೊಡ್ಡ ಸೈಪ್ರೆಸ್‌ನ ಪೊಟರೆಯಲ್ಲಿ, ನೆಲದಿಂದ ಎತ್ತರದಲ್ಲಿ ಮರಿ ಹಾಕುತ್ತದೆ. ಕರಡಿ ಒಳಗೆ ಕೂರುವಷ್ಟು ದೊಡ್ಡ ಪೊಟರೆ ಆಗಲು ಮರಕ್ಕೆ ನೂರು ವರ್ಷಕ್ಕಿಂತ ಜಾಸ್ತಿ ಬೇಕು. ಅದನ್ನು ಕಡಿದು "ಇನ್ನೊಂದು ನೆಡ್ತೀವಿ" ಅಂದರೆ ಯಾರು ಕಾಯುತ್ತಾರೆ? ಕಡಿದ ಮರದ ಮಾರಾಟದಿಂದ ದುಡ್ಡು ಎಷ್ಟು ಬರುತ್ತೆ ಅನ್ನುವುದು ಗುರುತು ಹಾಕುವವನ ತಲೆಯಲ್ಲಿ ಇರಲೇಬಾರದು.

ಒಳ್ಳೆಯ ಉದ್ದೇಶದಿಂದಲೂ ಕಾಡು ಕೆಡುತ್ತದೆ, ಇದನ್ನೂ ನೋಡಿ. ಪಕ್ಕದ ಆರ್ಕನ್ಸಾ ರಾಜ್ಯದಲ್ಲಿ 1930ರ ದಶಕದಿಂದ ಬಾತುಗಳಿಗಾಗಿ ಓಕ್ ಕಾಡಿನ ಸುತ್ತ ಏರಿ ಕಟ್ಟಿ ಚಳಿಗಾಲದಲ್ಲಿ ನೀರು ನಿಲ್ಲಿಸುವ ಪದ್ಧತಿ ಬೆಳೆಯಿತು. ಮರ ನಿದ್ದೆಯಲ್ಲಿರುವಾಗ ನೀರು ನಿಂತರೆ ತೊಂದರೆಯಿಲ್ಲ ಅನ್ನುವುದು ನಂಬಿಕೆ. ಆದರೆ ಪ್ರತಿವರ್ಷ ಬೇಗ ತುಂಬಿಸಿ, ಚಿಗುರುವ ಹೊತ್ತಿನವರೆಗೂ ಬಿಡದೆ ನಿಲ್ಲಿಸಿದ್ದರಿಂದ ಬುಡ ಊದಿಕೊಂಡು, ತುದಿ ಒಣಗಿ, ವಿಲೋ ಓಕ್, ನಟಾಲ್ ಓಕ್ ಸಾಯತೊಡಗಿದವು. ಅವುಗಳ ಜಾಗದಲ್ಲಿ ನೀರು ತಡೆಯುವ ಓವರ್‌ಕಪ್ ಓಕ್ ಬಂತು. ಅದರ ಕಾಯಿ ದಪ್ಪ, ಬಾತಿಗೆ ನುಂಗಲು ಕಷ್ಟ. ಬಾತಿಗಾಗಿ ಮಾಡಿದ ಕೆಲಸವೇ ಬಾತಿನ ಊಟ ಕಿತ್ತುಕೊಂಡಿತು. ಇದು ಒಂದು ವರ್ಷದಲ್ಲಿ ಕಾಣುವುದಿಲ್ಲ, ಐದು ವರ್ಷದಲ್ಲೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಮೂರ್ನಾಲ್ಕು ಅಧಿಕಾರಿಗಳು ವರ್ಗವಾಗಿ ಹೋಗಿರುತ್ತಾರೆ.

15 ವರ್ಷದ ಯೋಜನೆ ಬೇಕಾಗಿರುವುದು ಅದಕ್ಕೇ. 1997ರ ಕಾನೂನಿನ ಪ್ರಕಾರ ಅಮೆರಿಕದ ಪ್ರತಿ ರಾಷ್ಟ್ರೀಯ ಧಾಮಕ್ಕೂ ಇಂಥದೊಂದು ಸಮಗ್ರ ಯೋಜನೆ ಇರಲೇಬೇಕು, 15 ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಕರಡನ್ನು ಜನರ ಮುಂದಿಡಬೇಕು, ಅಭಿಪ್ರಾಯ ಕೇಳಬೇಕು. ಬೇರೆ ಬೇರೆ ದಾರಿಗಳನ್ನು ತೂಗಿ ನೋಡಬೇಕು, ಅದರಲ್ಲಿ "ಏನೂ ಬದಲಾಯಿಸದೆ ಈಗಿರುವಂತೆ ನಡೆಸುವುದು" ಕೂಡ ಒಂದು. ನಮ್ಮ ಅಭಯಾರಣ್ಯಗಳಿಗೂ ಸಾಮಾನ್ಯವಾಗಿ 10 ವರ್ಷದ ನಿರ್ವಹಣಾ ಯೋಜನೆ ಇರುತ್ತದೆ, ಆದರೆ ಅದನ್ನು ಓದಿದ ಊರಿನವರು ಎಷ್ಟು ಜನ? ಯೋಜನೆ ಬರೆದಿಟ್ಟರೆ ಮುಂದೆ ಬರುವ ಅಧಿಕಾರಿಯನ್ನು ಹಿಡಿದು ಕೇಳಲು ನಿಮಗೆ ಒಂದು ಕಾಗದ ಇರುತ್ತದೆ. ನನ್ನ ತಕರಾರು ಇರುವುದು 15 ವರ್ಷ ಜಾಸ್ತಿ ಅಂತಲ್ಲ, ಕಡಿಮೆ ಅಂತ. ನೆಟ್ಟ ಓಕ್ ಚೆನ್ನಾಗಿ ಕಾಯಿ ಬಿಡುವ ಹೊತ್ತಿಗೆ ಸುಮಾರು 20 ವರ್ಷ ಕಳೆದಿರುತ್ತದೆ. ನೂರು ವರ್ಷದ ಗುರಿಯನ್ನು ಮೊದಲ ಪುಟದಲ್ಲಿ ಬರೆದು, ಅದರೊಳಗೆ ಈ 15 ವರ್ಷದ ಪಾಲು ಎಷ್ಟು ಅಂತ ಹೇಳಬೇಕು. ಕಾಗದ ಚೆನ್ನಾಗಿದ್ದು ಕೆಲಸಕ್ಕೆ ಜನ ಇಲ್ಲದಿದ್ದರೂ ಪ್ರಯೋಜನವಿಲ್ಲ. ಅಲ್ಲಿನ ಧಾಮಗಳಲ್ಲಿ ಸಿಬ್ಬಂದಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿದೆ, ಇದು ನನಗೆ ಲಾರಿಗಿಂತ ದೊಡ್ಡ ಭಯ.

ಬೇಟೆಗೆ ಬಿಡುತ್ತಾರಲ್ಲ ಅಂತಲೂ ಕೇಳಿದ್ದೀರಿ. ಬಿಡುತ್ತಾರೆ, 1997ರ ಆ ಕಾನೂನಿನಲ್ಲೇ ಅವಕಾಶವಿದೆ, ಆದರೆ ಧಾಮದ ಉದ್ದೇಶಕ್ಕೆ ಧಕ್ಕೆಯಿಲ್ಲ ಅಂತ ಮೊದಲು ತೀರ್ಮಾನಿಸಿರಬೇಕು. ಜಿಂಕೆಯನ್ನು ಬೇಟೆಯಾಡುವ ಕೆಂಪು ತೋಳವಾಗಲಿ, ಕೂಗರ್ ಅನ್ನುವ ದೊಡ್ಡ ಬೆಕ್ಕಾಗಲಿ ಅಲ್ಲಿ ಈಗ ಇಲ್ಲ. ಜಿಂಕೆ ಮಿತಿಮೀರಿದರೆ ಸಸಿ ಉಳಿಯಲ್ಲ. ಕಾಡಿಗೆ ನುಗ್ಗಿದ ಊರ ಹಂದಿಗಳ ಸಂತಾನವಂತೂ ಓಕ್ ಕಾಯಿ ತಿಂದು ನೆಲ ಕೆದರಿ ಹಾಳು ಮಾಡುತ್ತದೆ. ನನಗೆ ಬೇಟೆ ಇಷ್ಟವಿಲ್ಲ, ಆದರೂ ಇದನ್ನು ತಳ್ಳಿಹಾಕಲಾರೆ.

ಯೋಜನೆಯಿಂದ ಏನಾದರೂ ಆಗಿದೆಯಾ? ಆಗಿದೆ. ಲೂಸಿಯಾನದ ಕಪ್ಪು ಕರಡಿಯನ್ನು 1992ರಲ್ಲಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದರು. ರೈತರಿಗೆ ದುಡ್ಡು ಕೊಟ್ಟು, ಪದೇ ಪದೇ ಮುಳುಗುವ ಹೊಲಗಳನ್ನು ಮತ್ತೆ ಕಾಡು ಮಾಡಿಸಿದರು. 2001ರಿಂದ 2009ರವರೆಗೆ ಚಳಿಗಾಲದಲ್ಲಿ ತಾಯಿ ಕರಡಿಗಳನ್ನು ಮರಿಗಳ ಸಮೇತ ಹೊಸ ಜಾಗಕ್ಕೆ ಒಯ್ದು, ಚೂರಾದ ಕಾಡುಗಳ ಮಧ್ಯೆ ಇನ್ನೊಂದು ಗುಂಪು ಬೆಳೆಸಿದರು. 2016ರಲ್ಲಿ ಪಟ್ಟಿಯಿಂದ ತೆಗೆದರು. ಅದು ಅವಸರ ಆಯಿತು ಅನ್ನುವವರೂ ಇದ್ದಾರೆ. ಅದೇ ರಾಜ್ಯದ ಉತ್ತರದಲ್ಲಿ ಅಪ್ಪರ್ ವಾಶಿಟಾ ಧಾಮವಿದೆ. ಅಲ್ಲಿ ಸೋಯಾಗಾಗಿ ಸುಮಾರು 17 ಮೈಲಿ ಏರಿ ಕಟ್ಟಿ ನದಿಯಿಂದ ಬೇರ್ಪಡಿಸಿದ್ದ ಮಾಲಿಸಿ ಫಾರ್ಮ್ಸ್ ಎಂಬ ಬಯಲನ್ನು ಕೊಂಡು, ಲಕ್ಷಗಟ್ಟಲೆ ಸಸಿ ನೆಟ್ಟು, ಏರಿ ಒಡೆಯಲು ಯೋಜನೆ ಹಾಕಿಕೊಂಡಿದ್ದರು. 2009ರ ನೆರೆಯಲ್ಲಿ ನದಿಯೇ ಏರಿ ಒಡೆದು ಒಳಗೆ ಬಂತು. ಆಮೇಲೆ ಧಾಮದವರೂ ಬೇರೆ ಕಡೆ ಏರಿ ತೆರೆದರು. ನನ್ನನ್ನು ಕೇಳಿದರೆ ಟೆನ್ಸಾದಲ್ಲೂ ಮುಂದಿನ ಯೋಜನೆಯ ಮೊದಲ ಅಧ್ಯಾಯ ನೀರಿನದೇ ಆಗಬೇಕು, ಮರದ್ದು ಆಮೇಲೆ.

ಮೇಷ್ಟ್ರೇ, ಒಂದು ಕೆಲಸ ಮಾಡಿ. ಆ ಯೋಜನೆ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಓದಬಹುದು. ಪರಿಷ್ಕರಣೆಗೆ ಬಂದಾಗ ಅಲ್ಲಿ ವಾಸವಿರುವ ನಿಮ್ಮ ಮಗಳು ಅಭಿಪ್ರಾಯ ಬರೆಯಬಹುದು. ಪೊಟರೆ ಮರಗಳನ್ನು ಎಣಿಸಿ ಗುರುತಿಸಿದ್ದಾರಾ, ಮಾರಾಟದ ನಂತರ ಬೆಳಕು ಬಿದ್ದ ಜಾಗದಲ್ಲಿ ಓಕ್ ಸಸಿ ಎದ್ದಿದೆಯಾ ಅಂತ ಮತ್ತೆ ಹೋಗಿ ನೋಡಿದ್ದಾರಾ, ಈ ಎರಡು ಪ್ರಶ್ನೆ ಕೇಳಲು ಹೇಳಿ. ಉತ್ತರ ಬಂದರೆ ನಮಗೂ ಕಳಿಸಿ, ಪೂರ್ತಿ ಪ್ರಕಟಿಸುತ್ತೇವೆ.

– ಸಂಪಾದಕ