104.80 ಮೀಟರ್ ಎಸೆದವರು ಕೋಚ್ ಆದಾಗ

ಪ್ರಶ್ನೆ: ನೀರಜ್ ಚೋಪ್ರಾಗೆ ಕೋಚ್ ಆಗಿದ್ದ ಉವೆ ಹೋನ್ 104.80 ಮೀಟರ್ ಎಸೆದಿದ್ದರು ಅಂತ ಬರೆದಿದ್ದೀರಿ. ಜಾವೆಲಿನ್ ವಿಶ್ವದಾಖಲೆ 98.48 ಅಂತ ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಯಾವುದು ಸರಿ? ಅಂಥವರಿಗೆ ಒಲಿಂಪಿಕ್ ಪದಕ ಯಾಕಿಲ್ಲ? ಅವರು ಕೋಚ್ ಆಗಿ ಮಾಡಿದ್ದಾದರೂ ಏನು?
- ನಿವೃತ್ತ ಪಿ.ಟಿ. ಮೇಷ್ಟ್ರು, ಅರಸೀಕೆರೆ

ಸಂಪಾದಕರ ಉತ್ತರ: ಎರಡೂ ಸರಿ, ಮೇಷ್ಟ್ರೇ. 98.48 ಈಗಿನ ಜಾವೆಲಿನ್‌ನ ದಾಖಲೆ. 1996ರಲ್ಲಿ ಝೆಕ್ ಗಣರಾಜ್ಯದ ಯಾನ್ ಝೆಲೆಜ್ನಿ ಮಾಡಿದ್ದು. (2025ರಲ್ಲಿ ನೀರಜ್ 90 ಮೀಟರ್ ದಾಟಿದಾಗ ಕೋಚ್ ಆಗಿದ್ದವರು ಇವರೇ.) 104.80 ಹಳೆಯ ಜಾವೆಲಿನ್‌ನದು. ತೂಕ ಎರಡಕ್ಕೂ 800 ಗ್ರಾಂ, ಹಾರುವ ರೀತಿ ಮಾತ್ರ ಬೇರೆ.

ಹೋನ್ ಹುಟ್ಟಿದ್ದು 1962ರಲ್ಲಿ, ಆಗಿನ ಪೂರ್ವ ಜರ್ಮನಿಯ ನಾಯ್‌ರುಪ್ಪಿನ್‌ನಲ್ಲಿ. 20ನೇ ವಯಸ್ಸಿಗೇ ಯುರೋಪಿಯನ್ ಚಾಂಪಿಯನ್. 1984ರ ಜುಲೈ 20ರಂದು ಬರ್ಲಿನ್‌ನಲ್ಲಿ ಆ ಎಸೆತ ಬಂತು. ಅದಕ್ಕೆ ಮುಂಚಿನ ವಿಶ್ವದಾಖಲೆ ಅಮೆರಿಕದ ಟಾಮ್ ಪೆಟ್ರನಾಫ್ ಅವರ 99.72. ಒಂದೇ ಸಲಕ್ಕೆ ಐದು ಮೀಟರ್ ಜಾಸ್ತಿ!

ಎಂಟೇ ದಿನಕ್ಕೆ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಶುರುವಾಯಿತು. ಸೋವಿಯತ್ ಒಕ್ಕೂಟದ ಹಿಂದೆ ಪೂರ್ವ ಜರ್ಮನಿಯೂ ಬಹಿಷ್ಕಾರ ಹಾಕಿತ್ತು. ಹೋನ್ ಹೋಗಲೇ ಇಲ್ಲ. ಅಲ್ಲಿ ಚಿನ್ನ ಗೆದ್ದ ಫಿನ್ಲೆಂಡ್‌ನ ಆರ್ಟೊ ಹಾರ್ಕೊನೆನ್ ಎಸೆದದ್ದು 86.76. ಮರುವರ್ಷ ಕ್ಯಾನ್‌ಬೆರಾದ ವಿಶ್ವಕಪ್ ಅನ್ನು ಹೋನ್ 96.96 ಮೀಟರ್ ಎಸೆದು ಗೆದ್ದರು. ಆಮೇಲೆ ಬೆನ್ನು ಕೈಕೊಟ್ಟಿತು, ಆಪರೇಷನ್ನೂ ಫಲಿಸಲಿಲ್ಲ. 1986ಕ್ಕೆ ಆಟ ಮುಗಿಯಿತು. ಪದಕ ಯಾಕಿಲ್ಲ ಅನ್ನೋದಕ್ಕೆ ಇಷ್ಟೇ ಉತ್ತರ.

ಒಂದು ಮಾತು ಮುಚ್ಚಿಡಬಾರದು. ಆ ಕಾಲದ ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಆಟಗಾರರಿಗೆ ಸ್ಟೀರಾಯ್ಡ್ ಕೊಡಿಸುತ್ತಿತ್ತು. ಬರ್ಲಿನ್ ಗೋಡೆ ಬಿದ್ದ ಮೇಲೆ ಕಡತಗಳು ಅದನ್ನೆಲ್ಲ ಹೊರಹಾಕಿದವು. ಆ ದೇಶದ ಯಾವ ದಾಖಲೆಯನ್ನೂ ನನಗೆ ನಿಶ್ಚಿಂತೆಯಾಗಿ ಹೊಗಳೋಕೆ ಆಗಲ್ಲ.

ಹೋನ್ ಎಸೆತದಿಂದಲೇ ಜಾವೆಲಿನ್ ಬದಲಾಯಿತು ಅನ್ನೋ ಮಾತಿದೆ. ಅದು ಅರ್ಧ ನಿಜ. ಹಳೆಯ ಜಾವೆಲಿನ್ ಗಾಳಿಯಲ್ಲಿ ತೇಲಿಕೊಂಡು ಹೋಗಿ, ಮಲಗಿದ ಹಾಗೆ ಬೀಳುತ್ತಿತ್ತು. ಮೂತಿ ಮೊದಲು ನೆಲ ಮುಟ್ಟಿತೋ, ಹೊಟ್ಟೆಯೋ ಅಂತ ತೀರ್ಪುಗಾರರ ಹತ್ತಿರ ವಾದ. ಈ ತಕರಾರು ಹೋನ್‌ಗಿಂತ ಮುಂಚಿನದು. 104 ಮೀಟರ್ ಬಂದಾಗ ಮೈದಾನವೇ ಸಾಲದಾಗುತ್ತದೆ ಅನ್ನೋ ಭಯವೂ ಸೇರಿತು. 1986ರಿಂದ ಪುರುಷರ ಜಾವೆಲಿನ್‌ನಲ್ಲಿ ತೂಕದ ನಡುಬಿಂದುವನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಕೆಳಗೆ ಬಾಗಿ ನೆಲಕ್ಕೆ ನಾಟಿಕೊಳ್ಳುವಂತಾಯಿತು. ದೂರವೂ ತಗ್ಗಿತು. ದಾಖಲೆಯ ಪಟ್ಟಿ ಹೊಸದಾಗಿ ಶುರುವಾಯಿತು. ಹೊಸ ಜಾವೆಲಿನ್‌ನ ಮೊದಲ ವಿಶ್ವದಾಖಲೆ 85.74. ಅದು ಪಶ್ಚಿಮ ಜರ್ಮನಿಯ ಕ್ಲಾಸ್ ಟಾಫೆಲ್‌ಮಾಯರ್ ಅವರದು.

ಇನ್ನು ಕೋಚ್ ಹೋನ್. ಅವರ ಶಿಷ್ಯ, ಚೀನಾದ ಝಾವೊ ಚಿಂಗ್‌ಗಾಂಗ್, 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ 89.15 ಎಸೆದು ಏಷ್ಯಾ ದಾಖಲೆ ಮಾಡಿದರು. ನಂತರ ಹೋನ್ ಭಾರತಕ್ಕೆ ಬಂದರು. ಅವರ ಕೈಕೆಳಗೆ ನೀರಜ್ 2018ರಲ್ಲಿ ಕಾಮನ್‌ವೆಲ್ತ್ ಮತ್ತು ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ ಗೆದ್ದರು. 2019ರಲ್ಲಿ ನೀರಜ್ ಮೊಣಕೈಗೆ ಆಪರೇಷನ್ ಆಯಿತು. ಆ ವರ್ಷವೇ ಅವರು ಇನ್ನೊಬ್ಬ ಜರ್ಮನ್, ಬಯೋಮೆಕಾನಿಕ್ಸ್ (ದೇಹದ ಚಲನೆಯ ವಿಜ್ಞಾನ) ತಜ್ಞ ಕ್ಲಾಸ್ ಬಾರ್ಟೋನೀಟ್ಸ್ ಕೈಗೆ ಬಂದರು. ಟೋಕಿಯೋ ಚಿನ್ನದ ಹೊತ್ತಿಗೆ ಜೊತೆಗಿದ್ದವರು ಇವರು.

ಹೋನ್ ಭಾರತದಲ್ಲೇ ಇದ್ದು ಬೇರೆಯವರಿಗೆ ಹೇಳಿಕೊಡುತ್ತಿದ್ದರು. ಒಲಿಂಪಿಕ್ಸ್‌ಗೆ ಮುಂಚೆ ತಯಾರಿಯ ಬಗ್ಗೆ ಅಧಿಕಾರಿಗಳನ್ನು ಬಹಿರಂಗವಾಗಿಯೇ ಟೀಕಿಸಿದರು. 2021ರ ಸೆಪ್ಟೆಂಬರ್‌ನಲ್ಲಿ, ಅವರ ಕೆಲಸ ತೃಪ್ತಿ ತಂದಿಲ್ಲ ಅಂತ ಅಥ್ಲೆಟಿಕ್ಸ್ ಫೆಡರೇಷನ್ ಅವರನ್ನು ಬಿಟ್ಟಿತು. ಯಾರು ಸರಿ ಅಂತ ಹೊರಗಿನಿಂದ ತೀರ್ಪು ಕೊಡೋಕೆ ನಾನು ಹೋಗಲ್ಲ. ಆದರೆ ನೀರಜ್ ಬೆಳೆದದ್ದರಲ್ಲಿ ಹೋನ್ ಪಾಲೇ ಇಲ್ಲ ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ಹೋನ್ ಕೋಚ್ ಆಗಿದ್ದಾಗ ಜಕಾರ್ತಾದ ಆ ಏಷ್ಯನ್ ಗೇಮ್ಸ್‌ನಲ್ಲಿ ನೀರಜ್ ಎಸೆದದ್ದು 88.06. ಟೋಕಿಯೋದಲ್ಲಿ ಚಿನ್ನ ತಂದದ್ದು 87.58.