ದಪ್ಪ ಫೆಲ್ಟು, ತೆಳು ಫೆಲ್ಟು: ಹಳೆಯ ಮತ್ತು ಹೊಸ ಹ್ಯಾಟುಗಳ ಗುಣವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಹದಿನೈದು ವರ್ಷಗಳಿಂದ ಟೆಕ್ಸಸ್‌ನ ಡಲ್ಲಾಸ್‌ನಲ್ಲಿದ್ದೇನೆ. ಕಳೆದ ತಿಂಗಳು ಪಕ್ಕದ ಬೀದಿಯ ಮನೆಯೊಂದರಲ್ಲಿ ತೀರಿಕೊಂಡ ಹಿರಿಯರ ಸಾಮಾನುಗಳನ್ನು ಮಾರುತ್ತಿದ್ದಾಗ ಕಂದು ಬಣ್ಣದ ಹಳೆಯ ಸ್ಟೆಟ್ಸನ್ ಹ್ಯಾಟೊಂದನ್ನು ನಲವತ್ತು ಡಾಲರಿಗೆ ಕೊಂಡೆ. ಒಳಗಿನ ಚರ್ಮದ ಪಟ್ಟಿಯ ಮೇಲೆ ‘ರಾಯಲ್ ಸ್ಟೆಟ್ಸನ್’ ಎಂದು ಚಿನ್ನದ ಬಣ್ಣದ ಅಕ್ಷರಗಳಿವೆ. ಅದೇ ವಾರ ಅಂಗಡಿಯಲ್ಲಿ ‘6ಎಕ್ಸ್’ ಎಂಬ ಗುರುತಿನ ಹೊಸ ಹ್ಯಾಟನ್ನು ನೋಡಿದೆ. ಬೆಲೆ ಇನ್ನೂರು ಡಾಲರಿಗೂ ಮೇಲೆ. ಹಳೆಯದು ತೀರ ಹಗುರ, ಮೆತ್ತಗೆ. ಹೊಸದು ದಪ್ಪ, ಬಿರುಸು. ದಪ್ಪವಾದದ್ದೇ ಬಾಳಿಕೆ ಬರುವುದು ಎನ್ನುತ್ತಾರೆ ಅಂಗಡಿಯವರು. ಇದು ನಿಜವೇ, ಅಥವಾ ಟೋಪಿ ಕೊಳ್ಳಲು ಹೋಗಿ ನಾನೇ ಟೋಪಿ ಹಾಕಿಸಿಕೊಂಡೆನೇ?

ಉತ್ತರ: ನೀವು ಬರೆದಿರುವ ವಿವರವನ್ನು ನೋಡಿದರೆ, ಆ ನಲವತ್ತು ಡಾಲರು ದಂಡವಾಗಿಲ್ಲ ಎಂದೇ ತೋರುತ್ತದೆ. ಫೆಲ್ಟಿನಲ್ಲಿ ದಪ್ಪವೇ ಬೇರೆ, ಬಿಗಿಯೇ ಬೇರೆ. ಬಾಳಿಕೆಯನ್ನು ನಿರ್ಧರಿಸುವುದು ಬಿಗಿ.

ಫೆಲ್ಟು ನೇಯ್ದ ಬಟ್ಟೆಯಲ್ಲ. ನಮ್ಮ ಕುರುಬರ ಕಂಬಳಿಯಲ್ಲಿ ಹಾಸು ಹೊಕ್ಕು ಎರಡೂ ಇವೆ. ಫೆಲ್ಟಿನಲ್ಲಿ ನೂಲೇ ಇಲ್ಲ. ಪ್ರಾಣಿಯ ಕೂದಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿ ನೀರು, ಒತ್ತಡ, ಉಜ್ಜಾಟ ಈ ಮೂರೂ ಒಟ್ಟಿಗೆ ಸಿಕ್ಕಾಗ ಒಂದು ಎಳೆಯ ಹುರುಪೆ ಇನ್ನೊಂದಕ್ಕೆ ಕಚ್ಚಿಕೊಂಡು, ಬಿಡಿಸಲಾಗದ ಹಾಗೆ ಜಡೆಗಟ್ಟುತ್ತದೆ. ಉಣ್ಣೆಯ ಸ್ವೆಟರನ್ನು ಗೊತ್ತಿಲ್ಲದೆ ಬಿಸಿನೀರಿಗೆ ಹಾಕಿ, ಮಗುವಿಗಾಗುವಷ್ಟು ಚಿಕ್ಕದಾದ ಗಡುಸು ಅಂಗಿಯನ್ನು ಹೊರತೆಗೆದ ಅನುಭವವಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹ್ಯಾಟಿನ ಕಾರ್ಖಾನೆಯಲ್ಲಿ ನಡೆಯುವುದೂ ಅದೇ, ಆದರೆ ಲೆಕ್ಕಾಚಾರದಿಂದ. ರಂಧ್ರಗಳಿರುವ, ಒಳಗಿನಿಂದ ಗಾಳಿಯನ್ನು ಹೀರುವ ದೊಡ್ಡ ಶಂಕುವೊಂದರ ಮೇಲೆ ತುಪ್ಪಳವನ್ನು ತೆಳುವಾಗಿ ಹರಡಿ, ಬಿಸಿನೀರು ಚಿಮುಕಿಸಿ, ಆ ಸಡಿಲವಾದ ಗೂಡನ್ನು ಮೆಲ್ಲಗೆ ಕಳಚುತ್ತಾರೆ. ಆಗ ಅದು ಕೊನೆಯ ಹ್ಯಾಟಿನ ಎರಡು ಮೂರು ಪಟ್ಟು ದೊಡ್ಡದಿರುತ್ತದೆ. ಅಲ್ಲಿಂದ ಮುಂದೆ ಮತ್ತೆ ಮತ್ತೆ ಬಿಸಿನೀರಿನಲ್ಲಿ ಸುತ್ತಿ ಹೊರಳಿಸಿ ಕುಗ್ಗಿಸುವುದೇ ಕೆಲಸ. ಈ ಕುಗ್ಗಿಸುವ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೋ ಅಷ್ಟು ಬಿಗಿಯಾದ ಫೆಲ್ಟು ಸಿಗುತ್ತದೆ. ಅವಸರಪಟ್ಟರೆ ಎಳೆಗಳು ಸಡಿಲವಾಗಿಯೇ ಉಳಿಯುತ್ತವೆ. ಆ ಸಡಿಲವನ್ನು ಮುಚ್ಚಲು ಹೆಚ್ಚು ತುಪ್ಪಳ ಸೇರಿಸಿ ದಪ್ಪ ಮಾಡಬಹುದು, ಅರಗಿನಂತಹ ಗಡುಸುಕಾರಕವನ್ನು ಧಾರಾಳವಾಗಿ ಕುಡಿಸಬಹುದು. ಕಂಬಳಿಗೆ ಹುಣಸೆ ಬೀಜದ ಸರಿ ಹಚ್ಚುವುದನ್ನು ನೋಡಿದವರಿಗೆ ಈ ತಂತ್ರ ಹೊಸದೆನಿಸದು. ಅಂಗಡಿಯಲ್ಲಿ ನೀವು ಮುಟ್ಟಿದ ಬಿರುಸಿನಲ್ಲಿ ಎಷ್ಟು ಪಾಲು ತುಪ್ಪಳದ್ದು, ಎಷ್ಟು ಪಾಲು ಅರಗಿನದು ಎಂಬುದೇ ಕೇಳಬೇಕಾದ ಪ್ರಶ್ನೆ. ಒಂದು ಮಾತನ್ನು ಮಾತ್ರ ನ್ಯಾಯವಾಗಿ ಹೇಳಬೇಕು: ಕೌಬಾಯ್ ಮಾದರಿಯ ಅಗಲ ಅಂಚಿನ ಹ್ಯಾಟಿಗೆ ಸ್ವಲ್ಪ ಬಿರುಸು ಬೇಕೇ ಬೇಕು, ಇಲ್ಲವಾದರೆ ಗಾಳಿಗೆ ಅಂಚು ಮುಖದ ಮೇಲೆ ಮಡಚಿಕೊಳ್ಳುತ್ತದೆ. ಪೇಟೆಯಲ್ಲಿ ಧರಿಸುವ ಫೆಡೋರಾ ಮಾದರಿಗೆ ಆ ಅಗತ್ಯವಿಲ್ಲ.

ಇನ್ನು ಎಳೆ ಯಾವ ಪ್ರಾಣಿಯದು ಎಂಬುದು. ಕುರಿಯ ಉಣ್ಣೆಯ ಫೆಲ್ಟು ಅಗ್ಗ. ಮಳೆಗೆ ಸಿಕ್ಕರೆ ಜೋಲುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೊಲದ ತುಪ್ಪಳ ಅದಕ್ಕಿಂತ ಬಹಳ ಮೇಲು. ಆಸ್ಟ್ರೇಲಿಯದ ಅಕುಬ್ರಾ ಹ್ಯಾಟುಗಳ ಹೆಸರು ನಿಂತಿರುವುದೇ ಮೊಲದ ಮೇಲೆ. ಕಾಡುಮೊಲದ್ದು ಇನ್ನೂ ನಯ. ಎಲ್ಲಕ್ಕೂ ಮೇಲಿನದು ಬೀವರ್ ಎಂಬ ನೀರುಪ್ರಾಣಿಯ ಒಳತುಪ್ಪಳ. ಅದು ಬಿಗಿಯಾಗಿ ಹೆಣೆದುಕೊಳ್ಳುತ್ತದೆ, ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಆದರೆ ಚೆನ್ನಾಗಿ ಕುಗ್ಗಿಸಿದ ಮೊಲದ ಫೆಲ್ಟು, ಅವಸರದಲ್ಲಿ ಮಾಡಿದ ಬೀವರ್ ಬೆರಕೆಗಿಂತ ಒಳ್ಳೆಯದೆಂಬುದನ್ನು ನನ್ನ ಕೆಲಸದ ಮೇಜಿನ ಮೇಲೆ ಎಷ್ಟೋ ಸಲ ಕಂಡಿದ್ದೇನೆ.

ಈಗ ನಿಮ್ಮ ಹಳೆಯ ಹ್ಯಾಟನ್ನೂ ಅಂಗಡಿಯ ಹೊಸದನ್ನೂ ಹಗಲು ಬೆಳಕಿನಲ್ಲಿ ಹೀಗೆ ನೋಡಿ. ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ರೊಟ್ಟಿಯ ಹಿಟ್ಟಿನ ಹದ ನೋಡುವ ಹಾಗೆ ನಿಧಾನವಾಗಿ ಉಜ್ಜಿ. ಒಳ್ಳೆಯ ತುಪ್ಪಳದ ಫೆಲ್ಟು ನುಣುಪಾಗಿ, ಒಂದೇ ಸಮನಾಗಿ, ಬೆರಳಿಗೆ ಒಂದಿಷ್ಟು ತುಂಬಿದಂತೆ ಸಿಗುತ್ತದೆ. ಉಣ್ಣೆಯದು ತರಿತರಿಯಾಗಿ, ಒಣಗಿದಂತೆ ಇರುತ್ತದೆ. ಎರಡು ಬದಿಗಳನ್ನೂ ಎದುರುಬದುರಾಗಿ ಮೆಲ್ಲಗೆ ಎಳೆದಾಗ ಒಳಪದರಗಳು ಒಂದರ ಮೇಲೊಂದು ಜಾರಿದಂತೆ ಅನಿಸಿದರೆ ಕುಗ್ಗಿಸಿದ್ದು ಸಾಲದು ಎಂದರ್ಥ. ಬಳಿಕ ಹ್ಯಾಟನ್ನು ಕಿಟಕಿಗೆ ಅಡ್ಡಲಾಗಿ ಎತ್ತಿ ಹಿಡಿಯಿರಿ. ತೆಳುವಾದ ಫೆಲ್ಟಿನ ಮೂಲಕ ಬೆಳಕು ಒಂದಿಷ್ಟು ಕಂಡರೆ ಗಾಬರಿ ಬೇಡ. ಮೋಡದ ಹಾಗೆ ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ತೆಳು ಕಂಡರೆ ಮಾತ್ರ ಅದು ದೋಷ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ನುಸಿ ತಿಂದಿದೆ.

ತಲೆಯ ಭಾಗವನ್ನು ಮೆಲ್ಲಗೆ ಒತ್ತಿ ಬಿಟ್ಟಾಗ ಅದು ತಾನಾಗಿಯೇ ಮೊದಲಿನ ಆಕಾರಕ್ಕೆ ಬರಬೇಕು. ಹಳೆಯದು ಒಣಗಿ ಬಿರುಕುಬಿಡುವ ಸ್ಥಿತಿಯಲ್ಲಿದ್ದರೆ ಈ ಪರೀಕ್ಷೆ ಬೇಡ. ನೀರಿನ ಪರೀಕ್ಷೆಯನ್ನು ಅಂಚಿನ ಕೆಳಬದಿಯಲ್ಲಿ ಒಂದೇ ಹನಿಯಿಂದ ಮಾಡಿ; ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳಿ ನಿಂತರೆ ಒಳ್ಳೆಯದು, ತಕ್ಷಣ ಇಂಗಿದರೆ ಸಡಿಲ.

ಆಮೇಲೆ ಒಳಗಿನ ಬೆವರುಪಟ್ಟಿ. ನನ್ನ ಅಭಿಪ್ರಾಯದಲ್ಲಿ ತಯಾರಕರ ಮನಸ್ಸು ತಿಳಿಯುವುದು ಇಲ್ಲಿಯೇ, ಏಕೆಂದರೆ ಕೊಳ್ಳುವವರು ಯಾರೂ ಇದನ್ನು ಮಗುಚಿ ನೋಡುವುದಿಲ್ಲ. ನೋಡಿ. ಒಳ್ಳೆಯ ಹ್ಯಾಟಿನಲ್ಲಿ ಪಟ್ಟಿ ನಿಜವಾದ ಮೆದು ಚರ್ಮದ್ದಾಗಿದ್ದು, ಅದರ ಕೆಳಗಿನ ಅಂಚಿನಲ್ಲಿ ಸಣ್ಣ ಕಡ್ಡಿಯಂತಹ ಎಳೆಯೊಂದನ್ನು ಸುತ್ತಿ ಹೊಲಿದು, ಅದನ್ನು ಫೆಲ್ಟಿಗೆ ಸಣ್ಣ ಹೊಲಿಗೆಯಿಂದ ಕೂಡಿಸಿರುತ್ತಾರೆ. ಅಗ್ಗದ್ದರಲ್ಲಿ ಬಟ್ಟೆಯ ಪಟ್ಟಿ ಅಥವಾ ಚರ್ಮದಂತೆ ಕಾಣುವ ರೆಕ್ಸಿನ್ ಇರುತ್ತದೆ. ಹೊರಗಿನ ರಿಬ್ಬನ್ನನ್ನೂ ಉಗುರಿನಿಂದ ಸ್ವಲ್ಪ ಎತ್ತಿ ನೋಡಿ: ಸೂಜಿಯಲ್ಲಿ ಅಲ್ಲಲ್ಲಿ ತಡೆದು ಹೊಲಿದಿದ್ದರೆ ಸರಿ, ಅಂಟಿನ ಗೆರೆ ಕಂಡರೆ ಅಷ್ಟಕ್ಕಷ್ಟೇ. ಅಂಚಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಕತ್ತರಿಸಿ ಹಾಗೆಯೇ ಬಿಟ್ಟ ಅಂಚು, ರಿಬ್ಬನ್ ಸುತ್ತಿದ ಅಂಚು, ಮಡಚಿ ಹೊಲಿದ ಅಂಚು ಇವೆಲ್ಲ ಸಾಮಾನ್ಯ. ಆದರೆ ಕೆಲವು ಹಳೆಯ ಹ್ಯಾಟುಗಳಲ್ಲಿ ಅಂಚು ಮಡಚಿದಂತೆ ಕಂಡರೂ ಒಂದು ಹೊಲಿಗೆಯೂ ಕಾಣುವುದಿಲ್ಲ; ಮಡಿಕೆಯನ್ನು ಫೆಲ್ಟಿನೊಳಕ್ಕೇ ಕೂಡಿಸಿಬಿಟ್ಟಿರುತ್ತಾರೆ. ಇದನ್ನು ಬಳಕೆಗೆ ತಂದ ಅಮೆರಿಕದ ಜಾನ್ ಕ್ಯಾವನಾ ಅವರ ಹೆಸರಿನಿಂದ ಕ್ಯಾವನಾ ಅಂಚು ಎಂದೇ ಕರೆಯುತ್ತಾರೆ. ಇಷ್ಟು ಕೈಕೆಲಸವನ್ನು ಯಾರೂ ಕಳಪೆ ಫೆಲ್ಟಿನ ಮೇಲೆ ಸುರಿಯುತ್ತಿರಲಿಲ್ಲ.

ನಿಮ್ಮ ಹ್ಯಾಟಿನ ಕಾಲವನ್ನು ತಿಳಿಯಬೇಕಿದ್ದರೆ ಬೆವರುಪಟ್ಟಿಯ ಹಿಂದೆ ಸಣ್ಣ ಕಾಗದದ ಚೀಟಿಗಳಿವೆಯೇ ನೋಡಿ. ಫಿಲಡೆಲ್ಫಿಯದಲ್ಲಿ 1865ರಲ್ಲಿ ಜಾನ್ ಬಿ. ಸ್ಟೆಟ್ಸನ್ ಆರಂಭಿಸಿದ ಕಂಪನಿಯ ಅಲ್ಲಿನ ಕಾರ್ಖಾನೆ 1971ರಲ್ಲಿ ಮುಚ್ಚಿತು. ಆದ್ದರಿಂದ ಫಿಲಡೆಲ್ಫಿಯದಲ್ಲಿ ತಯಾರಾದದ್ದು ಎಂದಿದ್ದರೆ ಹ್ಯಾಟು ಅದಕ್ಕೂ ಹಿಂದಿನದು. ಮಾರಿದ ಅಂಗಡಿಯ ವಿಳಾಸವಿದ್ದರೆ ಇನ್ನೂ ಅನುಕೂಲ: ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ, ಊರಿನ ಹೆಸರಿನ ಮುಂದೆ ಒಂದೆರಡು ಅಂಕಿಯ ವಲಯಸಂಖ್ಯೆ ಮಾತ್ರ ಇದ್ದರೆ ಅದು 1943ರಿಂದ 1963ರ ನಡುವಿನದು. ಹ್ಯಾಟು ಕಾರ್ಮಿಕರ ಎರಡು ಸಂಘಗಳು ಒಂದಾದದ್ದು 1934ರಲ್ಲಿ. ಟೋಪಿ ಮತ್ತು ಮಹಿಳೆಯರ ಹ್ಯಾಟುಗಳ ಕಾರ್ಮಿಕರನ್ನೂ ಒಳಗೊಂಡ ಒಕ್ಕೂಟದ ಹೆಸರು ಸಂಘದ ಚೀಟಿಯಲ್ಲಿದ್ದರೆ ಅದು ಆ ವರ್ಷಕ್ಕಿಂತ ಹಿಂದಿನದಾಗಲಾರದು.

ಹೊಸದೆಲ್ಲ ಕೆಟ್ಟದು ಎಂದು ನಾನು ಹೇಳುತ್ತಿಲ್ಲ. ಗಂಡಸರು ಹ್ಯಾಟಿಲ್ಲದೆ ಹೊರಗೆ ಹೋಗದಿದ್ದ ಕಾಲದಲ್ಲಿ ಕಾರ್ಖಾನೆಗಳ ನಡುವೆ ಪೈಪೋಟಿಯಿತ್ತು, ಮಧ್ಯಮ ಬೆಲೆಯ ಹ್ಯಾಟಿನಲ್ಲಿಯೂ ಒಳ್ಳೆಯ ಫೆಲ್ಟು ಸಿಗುತ್ತಿತ್ತು. 1960ರ ದಶಕದ ಹೊತ್ತಿಗೆ ಹ್ಯಾಟು ತಲೆಯಿಂದ ಇಳಿಯಿತು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಂದು ತುಪ್ಪಳದ ಫೆಲ್ಟನ್ನು ತಯಾರಿಸುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು: ಪೋರ್ಚುಗಲ್‌ನ ಸಾವೊ ಜೊವಾವೊ ದ ಮದೈರಾ ಎಂಬ ಊರಿನಲ್ಲಿರುವ ಫೆಪ್ಸಾ, ಜೆಕ್ ದೇಶದ ನೊವೀ ಯಿಚೀನ್‌ನ ತೊನಾಕ್, ಅಮೆರಿಕದ ಟೆನೆಸಿಯ ವಿಂಚೆಸ್ಟರ್ ಮುಂತಾದವು. ಹೆಸರಾಂತ ಹಲವು ಹ್ಯಾಟುಗಾರರು ಫೆಲ್ಟಿನ ಗೂಡನ್ನು ಇಂಥವರಿಂದಲೇ ತರಿಸಿ, ಅಚ್ಚಿಗೆ ಕೂರಿಸಿ, ಉಜ್ಜಿ ನಯಮಾಡಿ ಮಾರುತ್ತಾರೆ. ಆದ್ದರಿಂದ ಎರಡು ಬೇರೆ ಬೇರೆ ಹೆಸರಿನ ಹೊಸ ಹ್ಯಾಟುಗಳ ಫೆಲ್ಟು ಒಂದೇ ಮನೆಯದಾಗಿರುವುದು ಅಪರೂಪವಲ್ಲ, ಬೆಲೆಯ ಅಂತರ ಬಂದದ್ದು ಮುಗಿಸುವ ಕೈಯಿಂದ.

ಪ್ರಶ್ನೆ: ಹ್ಯಾಟುಗಳ ಮೇಲೆ 3ಎಕ್ಸ್, 10ಎಕ್ಸ್, 100ಎಕ್ಸ್ ಎಂದೆಲ್ಲ ಇರುತ್ತದೆ. ಚಿನ್ನದ ಕ್ಯಾರೆಟ್‌ನಂತೆ ಇದನ್ನು ನಂಬಬಹುದೇ?

ಉತ್ತರ: ಇಲ್ಲ. ಚಿನ್ನಕ್ಕೆ ಹಾಲ್‌ಮಾರ್ಕ್ ಇದೆ. ಎಕ್ಸ್‌ಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಹೆಚ್ಚು ಎಕ್ಸ್ ಎಂದರೆ ಹೆಚ್ಚು ಬೀವರ್ ಎಂಬ ನಂಬಿಕೆ ಬಳಕೆಯಲ್ಲಿದೆಯಾದರೂ, ಪ್ರತಿ ತಯಾರಕರ ಲೆಕ್ಕ ಅವರವರದೇ. ಒಂದೇ ಕಂಪನಿಯ ಹ್ಯಾಟುಗಳನ್ನು, ಒಂದೇ ಕಾಲದವನ್ನು ಹೋಲಿಸುವಾಗ ಮಾತ್ರ ಅದರಿಂದ ಉಪಯೋಗ. ಸ್ಟೆಟ್ಸನ್ನಿನದೇ ಹಳೆಯ ಕಾಲದ 7ಎಕ್ಸ್ ಬಹಳ ಮೇಲ್ದರ್ಜೆಯದು. ಇಂದು ಅದೇ ಹೆಸರಿನಡಿ 1000ಎಕ್ಸ್ ಕೂಡ ಮಾರಾಟಕ್ಕಿದೆ. ಸಂಖ್ಯೆ ಏರಿದಷ್ಟೂ ಫೆಲ್ಟು ಏರಿದೆ ಎಂದು ಯಾರಾದರೂ ಹೇಳಿದರೆ ಹ್ಯಾಟನ್ನು ಕೈಗೆ ಕೊಡಿ ಎಂದು ಕೇಳಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡುವಾಗ ತಾತನವರ ಟ್ರಂಕಿನಲ್ಲಿ ಬೂದು ಬಣ್ಣದ ಬೊರ್ಸಲಿನೊ ಹ್ಯಾಟು ಸಿಕ್ಕಿತು. ತಾತ ಅದನ್ನು 1930ರ ದಶಕದ ಕೊನೆಯಲ್ಲಿ ಕೊಂಡಿದ್ದರೆಂದು ನಮ್ಮ ತಾಯಿಯವರು ಹೇಳುತ್ತಾರೆ. ಒಳಗಿನ ಚರ್ಮ ಬಿರುಕು ಬಿಟ್ಟಿದೆ, ಮೇಲೆ ಗೀರಿನಂತಹ ಗುರುತುಗಳಿವೆ, ಮುಗ್ಗಲು ವಾಸನೆಯೂ ಇದೆ. ಚೀಟಿಯಲ್ಲಿ 7 1/8 ಎಂದಿದೆ, ಆದರೆ 57 ಸೆಂಟಿಮೀಟರ್ ಸುತ್ತಳತೆಯ ನನ್ನ ತಲೆಗೆ ಬಿಗಿಯಾಗುತ್ತದೆ. ಸರಿಪಡಿಸಿ ಧರಿಸಬಹುದೇ?

ಉತ್ತರ: ಮೊದಲು ಎಚ್ಚರಿಕೆಯ ಮಾತು. ಆ ಕಾಲದಲ್ಲಿ ತುಪ್ಪಳ ಚೆನ್ನಾಗಿ ಜಡೆಗಟ್ಟಲೆಂದು ಅದನ್ನು ಪಾದರಸದ ನೈಟ್ರೇಟ್ ದ್ರಾವಣದಿಂದ ಸಂಸ್ಕರಿಸುವ ಪದ್ಧತಿ ವ್ಯಾಪಕವಾಗಿತ್ತು. ತುಪ್ಪಳದ ತುದಿ ಗಜ್ಜರಿಯ ಬಣ್ಣಕ್ಕೆ ತಿರುಗುತ್ತಿದ್ದುದರಿಂದ ಈ ಕೆಲಸಕ್ಕೆ ‘ಕ್ಯಾರಟಿಂಗ್’ ಎಂದೇ ಹೆಸರು. ಆವಿಯನ್ನು ಉಸಿರಾಡಿದ ಕೆಲಸಗಾರರ ಕೈಕಾಲು ನಡುಗುತ್ತಿದ್ದವು. ಹ್ಯಾಟಿನ ಪಟ್ಟಣವಾಗಿದ್ದ ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿ ಈ ರೋಗಕ್ಕೆ ಊರಿನ ಹೆಸರೇ ಅಂಟಿಕೊಂಡು ‘ಡ್ಯಾನ್‌ಬರಿ ನಡುಕ’ ಎನಿಸಿತು. ಅಮೆರಿಕದಲ್ಲಿ ಈ ಬಳಕೆ ನಿಷೇಧವಾದದ್ದು 1941ರ ಡಿಸೆಂಬರ್‌ನಲ್ಲಿ. ಹಳೆಯ ಹ್ಯಾಟುಗಳಲ್ಲಿ ಪಾದರಸದ ಶೇಷ ಉಳಿದಿರುವ ಸಾಧ್ಯತೆಯಿದೆ. ಹಾಗೆಂದು ತಾತನ ಹ್ಯಾಟನ್ನು ಎಸೆಯಬೇಕಾಗಿಲ್ಲ. ಆದರೆ ಅಡುಗೆಮನೆಯ ಕೆಟಲಿನ ಆವಿಗೆ ಹಿಡಿದು ತಿದ್ದುವ ಕೆಲಸವನ್ನು ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ, ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಮೇಲಿನ ಗೀರುಗಳು ಬಹುಶಃ ನುಸಿಯ ಮರಿಹುಳುಗಳು ಮೇಯ್ದ ಜಾಡು. ಹುಳು ಮೇಲ್ಮೈಯನ್ನು ಮಾತ್ರ ಮೇಯ್ದಿದ್ದರೆ ಮೆದು ಬ್ರಷ್ಷಿನಿಂದಲೂ ನವಿರಾದ ಉಪ್ಪುಕಾಗದದಿಂದಲೂ ಗುರುತನ್ನು ಮಂಕಾಗಿಸಬಹುದು. ತೂತಾಗಿದ್ದರೆ ಮುಚ್ಚಲು ಬಾರದು. ಬೇರೆ ಬಟ್ಟೆಗಳಿಗೆ ಹರಡದಂತೆ ಹ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ಮೂರು ವಾರ ಇಡಿ. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವ ತನಕ ಚೀಲವನ್ನು ಬಿಚ್ಚಬೇಡಿ, ಇಲ್ಲದಿದ್ದರೆ ಫೆಲ್ಟಿನ ಮೇಲೆ ಹನಿಗಟ್ಟುತ್ತದೆ. ನುಸಿಗುಳಿಗೆಯನ್ನು ನೇರವಾಗಿ ಹ್ಯಾಟಿನೊಳಗೆ ಹಾಕುವ ನಮ್ಮ ಮನೆಗಳ ಅಭ್ಯಾಸ ಒಳ್ಳೆಯದಲ್ಲ. ಆ ವಾಸನೆ ವರ್ಷಗಟ್ಟಲೆ ಬಿಡುವುದಿಲ್ಲ. ಮುಗ್ಗಲಿಗೆ ನೆರಳಿನಲ್ಲಿ ಗಾಳಿಯಾಡಲು ಬಿಡುವುದೇ ಮದ್ದು.

ಬಿಗಿಯಾಗುವುದಕ್ಕೆ ಕಾರಣವಿದೆ. 7 1/8 ಎಂದರೆ ಹೆಚ್ಚುಕಡಿಮೆ 57 ಸೆಂಟಿಮೀಟರೇ; ಕೊಂಡಾಗ ಅದು ನಿಮ್ಮ ತಲೆಗೆ ಸರಿಯಾಗಿಯೇ ಕೂರುತ್ತಿತ್ತು. ಒಣಗಿದ ಚರ್ಮದ ಪಟ್ಟಿ ಕುಗ್ಗುತ್ತ ಫೆಲ್ಟನ್ನೂ ತನ್ನೊಂದಿಗೆ ಒಳಕ್ಕೆ ಎಳೆದುಕೊಂಡಿದೆ. ಕೆಲಸ ಕಲಿಯುವ ದಿನಗಳಲ್ಲಿ ನಾನು ಇಂಥದೇ ಹ್ಯಾಟೊಂದನ್ನು, ಬಿರುಕುಬಿಟ್ಟ ಪಟ್ಟಿಯ ಸಮೇತ ಅಚ್ಚಿಗೆ ತುರುಕಿ ಹಿಗ್ಗಿಸಲು ಹೋಗಿ, ಚರ್ಮ ಹಪ್ಪಳದ ಹಾಗೆ ಮುರಿದು ಹೊಲಿಗೆಯುದ್ದಕ್ಕೂ ಫೆಲ್ಟನ್ನು ಹರಿದದ್ದನ್ನು ಕಣ್ಣಾರೆ ಕಂಡೆ. ಆದ್ದರಿಂದ ಹಿಗ್ಗಿಸುವ ಮೊದಲು ಪಟ್ಟಿಯನ್ನು ಬಿಚ್ಚಬೇಕು. ಚರ್ಮ ಇನ್ನೂ ಬಾಗುತ್ತಿದ್ದರೆ ಚರ್ಮಕ್ಕೆ ಹಚ್ಚುವ ಕಂಡೀಷನರ್ ಅನ್ನು ಬೆರಳಿನಿಂದ ತೆಳುವಾಗಿ, ಫೆಲ್ಟಿಗೆ ತಾಕದಂತೆ, ದಿನ ಬಿಟ್ಟು ದಿನ ಸವರಿ. ಬಾಗದಿದ್ದರೆ ಹೊಸ ಪಟ್ಟಿ ಹಾಕಿಸುವುದೇ ಸರಿ. ಹಳೆಯ ಪಟ್ಟಿಯ ಮೇಲೆ ಇಟಲಿಯ ಅಲೆಸ್ಸಾಂಡ್ರಿಯದ ಮುದ್ರೆಯಿದ್ದರೆ, 1857ರಲ್ಲಿ ಬೊರ್ಸಲಿನೊ ಆರಂಭವಾದ ಊರು ಅದೇ ಆದ್ದರಿಂದ, ಆ ತುಂಡನ್ನು ಲಕೋಟೆಯಲ್ಲಿ ಹಾಕಿ ಹ್ಯಾಟಿನ ಜೊತೆಗೇ ಇಟ್ಟುಕೊಳ್ಳಿ.

ಮುಂದೆ ಹ್ಯಾಟನ್ನು ಅಂಚಿನ ಮೇಲೆ ಕೂರಿಸದೆ, ತಲೆ ಕೆಳಗಾಗಿ ಇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಎಂದೂ ಬಿಡಬೇಡಿ. ಡಲ್ಲಾಸ್‌ನ ಓದುಗರಿಗೂ ಈ ಮಾತು ಅನ್ವಯಿಸುತ್ತದೆ: ಅವರ ಊರಿನ ಜುಲೈ ತಿಂಗಳ ಒಂದು ಮಧ್ಯಾಹ್ನ ಸಾಕು, ಬೆವರುಪಟ್ಟಿಯನ್ನು ಅರ್ಧ ಅಳತೆ ಕುಗ್ಗಿಸಲು.